ನೇತ್ರಾಣಿಯಲ್ಲಿ ಮುಳುಗಿ, ಅದೇ ರಾತ್ರಿ ಘಟ್ಟ ಹತ್ತಬೇಡಿ

ಡಿಸೆಂಬರ್ ಬಂತೆಂದರೆ ಬೆಳಗಾವಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ಲ್ಯಾನು: “ಶುಕ್ರವಾರ ರಾತ್ರಿ ಗಾಡಿ ಹೊಡ್ಯೂದು, ಶನಿವಾರ ಮುಂಜಾನೆ ಸ್ಕೂಬಾ, ರಾತ್ರಿ ಊಟಕ್ಕ ಮನಿ.” ಸ್ಕೂಬಾ ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುವುದು. ಜಾಗ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಮುರ್ಡೇಶ್ವರ ಸುಮಾರು 300 ಕಿ.ಮೀ. ಕಾಗದದ ಮೇಲೆ ಲೆಕ್ಕ ಕೂಡುತ್ತದೆ. ಆದರೆ ನೀರಿಗಿಳಿದ ದಿನವೇ ಅರಬೈಲ್ ಘಟ್ಟ ಹತ್ತುವುದು ಸರಿಯಲ್ಲ.

ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂಡುತ್ತದೆ. ಅದು ಹೊರಗೆ ಹೋಗಲು ತಾಸುಗಟ್ಟಲೆ ಬೇಕು. ಅಷ್ಟರೊಳಗೆ ಎತ್ತರದ ಜಾಗಕ್ಕೆ ಹೋದರೆ ಹೊರಗಿನ ಒತ್ತಡ ಇಳಿದು, ಉಳಿದ ನೈಟ್ರೋಜನ್ ಗುಳ್ಳೆಯಾಗಿ ಕೀಲುಗಳಿಗೋ ನರಗಳಿಗೋ ತೊಂದರೆ ಕೊಡಬಹುದು. ಮುಳುಗುವವರ ಸುರಕ್ಷತೆ ನೋಡುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವುದು: ಒಂದೇ ಡೈವ್ (ಒಂದು ಸಲ ಮುಳುಗಿದ್ದು) ಆಗಿದ್ದರೆ ಕನಿಷ್ಠ 12 ತಾಸು, ಒಂದಕ್ಕಿಂತ ಹೆಚ್ಚಾದರೆ 18 ತಾಸು ವಿಮಾನ ಹತ್ತಬಾರದು. “ನಾವೇನ್ ವಿಮಾನದಾಗ ಹೊಂಟೇವಿ?” ಅನ್ನಬೇಡಿ. ಆ ಸಲಹೆ ಅನ್ವಯವಾಗುವುದು 2000 ಅಡಿಯಿಂದಲೇ. ಬೆಳಗಾವಿ ಇರುವುದೇ ಸುಮಾರು 2500 ಅಡಿ ಎತ್ತರದಲ್ಲಿ. ಬಾಗಲಕೋಟೆ, ವಿಜಯಪುರ ಅದಕ್ಕಿಂತ ಕೆಳಗಿದ್ದರೂ ನಡುವೆ ಹುಬ್ಬಳ್ಳಿಯ ಎತ್ತರ ದಾಟಲೇಬೇಕು. ಗೋವಾದ ಗ್ರಾಂಡೆ ದ್ವೀಪಕ್ಕೆ ಹೋದವರದು ಇನ್ನೂ ಅವಸರ. ಚೋರ್ಲಾ ಘಾಟ್ ಹತ್ತಿ ಅದೇ ಸಂಜೆ ಊರು ಸೇರುತ್ತಾರೆ. ಹೊಸಬರನ್ನು 12 ಮೀಟರ್‌ಗಿಂತ ಕೆಳಗೆ ಒಯ್ಯುವುದಿಲ್ಲ, ಅಪಾಯ ಸಣ್ಣದು, ಒಪ್ಪೋಣ. ಆದರೂ ನಡುರಾತ್ರಿ ಯಲ್ಲಾಪುರದ ಕಾಡಿನಲ್ಲಿ ಕೈಕಾಲು ಜುಮ್ಮೆನ್ನಲು ಶುರುವಾದರೆ ಮತ್ತೆ ಒತ್ತಡ ಕೊಟ್ಟು ಗುಳ್ಳೆ ಕರಗಿಸುವ ರಿಕಂಪ್ರೆಷನ್ ಚೇಂಬರ್ ಎಲ್ಲಿಂದ ತರುತ್ತೀರಿ? ಮುರ್ಡೇಶ್ವರದಲ್ಲಿ ಒಂದು ರಾತ್ರಿ ರೂಮು ಮಾಡಿ.

ಇನ್ನು ಉಸಿರಿನ ಮಾತು. ನಮ್ಮ ಕಡೆ ಬಾವಿಯಲ್ಲೋ ಹೊಳೆಯಲ್ಲೋ ಈಜು ಕಲಿತವರಿಗೆ ನೀರೊಳಗೆ ಹೋದ ಕೂಡಲೇ ಉಸಿರು ಬಿಗಿಹಿಡಿಯುವ ರೂಢಿ. ಸ್ಕೂಬಾದಲ್ಲಿ ಎಲ್ಲಕ್ಕಿಂತ ಕೆಟ್ಟ ರೂಢಿ ಅದೇ. 10 ಮೀಟರ್ ಆಳದಲ್ಲಿ ಎದೆ ತುಂಬ ಗಾಳಿ ತುಂಬಿಕೊಂಡು, ಉಸಿರು ಕಟ್ಟಿ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ, ಶ್ವಾಸಕೋಶ ಹರಿಯಬಹುದು. ಈಜು ಬಾರದವರು ಹೇಳಿದಂತೆ ಉಸಿರಾಡುತ್ತಾರೆ, ಈಜು ಬಲ್ಲವರೇ ತೊಂದರೆ ಕೊಡುತ್ತಾರೆ. ನಿಧಾನ ಒಳಗೆ, ಇನ್ನೂ ನಿಧಾನ ಹೊರಗೆ. ಗಾಬರಿಯಾದರೆ ಗಾಳಿಯೂ ಬೇಗ ಮುಗಿಯುತ್ತದೆ. 11 ಲೀಟರ್ ಸಿಲಿಂಡರಿನಲ್ಲಿ 200 ಬಾರ್ (ಗಾಳಿಯ ಒತ್ತಡದ ಅಳತೆ) ತುಂಬಿದರೆ ಸುಮಾರು 2200 ಲೀಟರ್ ಗಾಳಿ. ಅದರಲ್ಲಿ 50 ಬಾರ್ ತುರ್ತಿಗೆಂದು ಇಟ್ಟದ್ದು, ಮುಟ್ಟುವಂತಿಲ್ಲ. ಉಳಿದದ್ದು 10 ಮೀಟರ್ ಆಳದಲ್ಲಿ ಶಾಂತವಾಗಿರುವವರಿಗೆ 40 ನಿಮಿಷ ಬಂದೀತು, ಗಾಬರಿಬಿದ್ದವರಿಗೆ 20 ನಿಮಿಷ.

ಕಿವಿ ನೋಯುವುದು ಮೊದಲ ಐದು ಮೀಟರಿನಲ್ಲೇ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು, ಅದೂ ನೋವು ಬರುವ ಮುಂಚೆ, ಅರ್ಧ ಅರ್ಧ ಮೀಟರಿಗೆ ಒಮ್ಮೆ. ನೋವು ಬಂದ ಮೇಲೆ ಜೋರಾಗಿ ಊದಿದರೆ ಕಿವಿಗೇ ಪೆಟ್ಟು. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಗದಿದ್ದರೆ ಡೈವ್ ಬಿಡಿ. ನೆಗಡಿ ಇದ್ದರೆ ಬೋಟನ್ನೇ ಹತ್ತಬೇಡಿ. ಗುಳಿಗೆ ನುಂಗಿ ಇಳಿದವರಿಗೆ ಆಳದಲ್ಲಿ ಅದರ ಪ್ರಭಾವ ಇಳಿದರೆ, ಮೇಲೆ ಬರುವಾಗ ಕಿವಿ ಕಟ್ಟುತ್ತದೆ. ಅಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್ ಇದ್ದರೆ ಡೈವ್‌ಗೆ ಮುಂಚೆ ತುಂಬುವ ಫಾರ್ಮಿನಲ್ಲಿ ಮುಚ್ಚಿಡದೆ ಬರೆಯಿರಿ.

ಹುರಿಮೀಸೆಯವರಿಗೆ ಒಂದು ಮಾತು: ಮಾಸ್ಕಿನ ಸಿಲಿಕೋನ್ ಅಂಚು ಮೂಗಿನ ಕೆಳಗೆ ಚರ್ಮಕ್ಕೇ ಅಂಟಬೇಕು. ಕೂದಲ ಸಂದಿಯಿಂದ ನೀರು ಒಸರುತ್ತಲೇ ಇರುತ್ತದೆ. ಮೂಗಿಗೆ ಹತ್ತಿದ ಒಂದು ಸಾಲು ಕತ್ತರಿಸಿಕೊಂಡರೆ ಸಾಕು, ಮೀಸೆಯ ಮಾನ ಹೋಗುವುದಿಲ್ಲ. ಆದರೂ ನೀರು ಬಂದರೆ ಮಾಸ್ಕಿನ ಮೇಲಂಚು ಒತ್ತಿ, ಮುಖ ತುಸು ಮೇಲೆತ್ತಿ ಮೂಗಿನಿಂದ ಉಸಿರು ಬಿಡಿ. ನೀರು ಕೆಳಗಿನಿಂದ ಹೊರಹೋಗುತ್ತದೆ. ಹೆಬ್ಬೆರಳು ಎತ್ತಿ ತೋರಿಸಿದರೆ ಅಲ್ಲಿ “ಮೇಲೆ ಹೋಗೋಣ” ಎಂದರ್ಥ. ಮೀನು ನೋಡಿದ ಖುಷಿಗೆ ಹೆಬ್ಬೆರಳೆತ್ತಿ ಡೈವ್ ಮುಗಿಸಿಕೊಂಡವರು ಬಹಳ ಮಂದಿ.

ಬೋಟಿಗೆ ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ಪೂರಿಯೂ ಬೇಡ. ಎರಡು ಇಡ್ಲಿ ಸಾಕು. ದಡದಿಂದ ದ್ವೀಪ ಸುಮಾರು 19 ಕಿ.ಮೀ. ನಡುಭಾಗದಲ್ಲಿ, ಡೀಸೆಲ್ ಹೊಗೆ ಬಾರದ ಕಡೆ ಕೂತು ದೂರ ನೋಡಿ. ಮೊಬೈಲ್ ನೋಡಿದರೆ ವಾಂತಿ ಖಂಡಿತ.

ಹವಳದ ಮೇಲೆ ಕಾಲಿಡಬೇಡಿ. ಅದು ಕಲ್ಲಲ್ಲ, ಜೀವ.

ದುಡ್ಡು ಕಟ್ಟುವ ಮುಂಚೆ ಮೂರು ಮಾತು ಕೇಳಿ: ನೀರೊಳಗೆ ಎಷ್ಟು ನಿಮಿಷ, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಮಂದಿ, ತುರ್ತಿಗೆ ಬೋಟಿನಲ್ಲಿ ಆಮ್ಲಜನಕದ ಕಿಟ್ ಇದೆಯೇ. ಈಗ ಎಲ್ಲರೂ ಮೊದಲು ಕೇಳುವುದು ವಿಡಿಯೊ ಫ್ರೀನಾ ಅಂತ.