ಸುರಂಗಕ್ಕೊಂದು ಗಾಜಿನ ಸೂರು

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ರೈಲುದಾರಿ 55 ಕಿಲೋಮೀಟರ್. ಅದರಲ್ಲಿ ಸುರಂಗ 57, ಸೇತುವೆ 109. ಲೆಕ್ಕ ಹಾಕಿದರೆ ಕಿಲೋಮೀಟರಿಗೊಂದು ಸುರಂಗ. ಇಂಥ ದಾರಿಗೆ ಎಂಥ ಬೋಗಿ ಹೊಂದೀತು ಎಂದು ತಲೆ ಕೆಡಿಸಿಕೊಂಡ ರೈಲ್ವೆ 2021ರ ಜುಲೈಯಲ್ಲಿ ಗಾಜಿನ ಸೂರಿನ ವಿಸ್ಟಾಡೋಮ್ ಜೋಡಿಸಿತು. ಎ.ಸಿ. ತಂಪಿನಲ್ಲಿ ಒರಗಿ, ತಲೆಯೆತ್ತಿ, ಸುರಂಗದ ಒಳಮೈಯನ್ನು ಕಣ್ತುಂಬ ನೋಡುವ ಭಾಗ್ಯ ನಮಗೆ ಒದಗಿದ್ದು ಹಾಗೆ.

ಒಳಮೈಯಾದರೂ ಕಾಣುತ್ತದೆಯೇ ಅಂದರೆ ಅದೂ ಇಲ್ಲ. ಒಳಗೆ ದೀಪ, ಹೊರಗೆ ಕತ್ತಲೆ; ಹಾಗಾದಾಗ ಗಾಜು ಕನ್ನಡಿಯಾಗುತ್ತದೆ. ಮೊಬೈಲನ್ನು ಸೂರಿಗೆ ಹಿಡಿದು ಕೂತ 44 ಸೀಟಿನವರಿಗೂ ಸಿಗುವುದು ಮೊಬೈಲು ಹಿಡಿದ ತಮ್ಮದೇ ಚಿತ್ರ. ಸುರಂಗ ಮುಗಿದು ಮರ ಕಾಣಿಸಿ, ಫೋಕಸ್ ಸರಿಯಾಗುವ ಹೊತ್ತಿಗೆ ಮುಂದಿನ ಸುರಂಗ. ಜನರಲ್ ಬೋಗಿಯವರು ಪ್ರತಿ ಸುರಂಗಕ್ಕೂ ‘ಹೋ’ ಎಂದು ಕೂಗುತ್ತಾರೆ. ವಿಸ್ಟಾಡೋಮಿನವರು ಮೊದಮೊದಲು ಗಂಭೀರವಾಗಿರುತ್ತಾರೆ. ಕಡಗರವಳ್ಳಿ ದಾಟುವಷ್ಟರಲ್ಲಿ ಅವರೂ ಕೂಗುತ್ತಾರೆ.

ಇಷ್ಟಕ್ಕೂ ಘಾಟಿಯಲ್ಲಿ ನೋಡಬೇಕಾದ್ದು ಇರುವುದು ಪಕ್ಕಕ್ಕೆ ಮತ್ತು ಕೆಳಕ್ಕೆ. ಗುಡ್ಡದ ಮಗ್ಗುಲು ಕಡಿದು ಹಳಿ ಹಾಕಿದ್ದಾರೆ: ಒಂದು ಕಡೆ ಬಂಡೆಗೋಡೆ, ಇನ್ನೊಂದು ಕಡೆ ಕಣಿವೆ. ಮೇಲಿರುವುದು ಆಕಾಶ. ಅದು ಯಶವಂತಪುರದ ಪ್ಲಾಟ್‌ಫಾರಂನಿಂದಲೂ ಪುಕ್ಕಟೆ ಕಾಣುತ್ತದೆ.

ಹಸಿರು ಬೇಕಾದರೆ ಮಳೆಗಾಲದಲ್ಲೇ ಹೋಗಬೇಕು, ನಿಜ. ಆಗ ಒಂದು ವೈಜ್ಞಾನಿಕ ಪ್ರಯೋಗವೂ ಉಚಿತ. ಒಳಗೆ ಎ.ಸಿ. ಗಾಜನ್ನು ತಣ್ಣಗೆ ಮಾಡಿರುತ್ತದೆ, ಹೊರಗೆ ಗಾಳಿಯ ತುಂಬ ತೇವ. ತಣ್ಣನೆಯ ಗಾಜಿಗೆ ತಾಗಿದ ತೇವ ಹನಿಗಟ್ಟಿ ಮಂಜಾಗುತ್ತದೆ, ಅದೂ ಹೊರಮೈಗೆ. ಬೋಗಿಗೆ ಬೋಗಿಯೇ ಕರ್ಚೀಫು, ಟಿಶ್ಯೂ, ದುಪಟ್ಟಾ ತೆಗೆದು ಒಳಗಿನಿಂದ ಒರೆಸಲು ಶುರು. ಇನ್ನೊಂದು ಮೈಯ ಮಂಜು ಎಷ್ಟು ಒರೆಸಿದರೂ ಹೋಗುವುದಿಲ್ಲವೆಂದು ಹತ್ತು ನಿಮಿಷದ ಮೇಲೆ ಯಾರಿಗೋ ಹೊಳೆಯುತ್ತದೆ. ಮದ್ದು ಸರಳ: ಎ.ಸಿ. ಕಡಿಮೆ ಮಾಡಿಸಿ, ಗಾಜು ಬೆಚ್ಚಗಾದರೆ ಮಂಜು ಕರಗುತ್ತದೆ. ಕಡಿಮೆ ಮಾಡಿಸಿದ ಮರುಕ್ಷಣವೇ ‘ಎ.ಸಿ.ಗೆ ಅಂತಲೇ ದುಡ್ಡು ಕೊಟ್ಟಿದ್ದೀವಿ ಸ್ವಾಮಿ’ ಎಂದು ಒಬ್ಬರು ಏಳುತ್ತಾರೆ. ಈ ಚರ್ಚೆ ಎಡಕುಮೇರಿಯವರೆಗೆ ನಡೆಯುತ್ತದೆ.

ಸೀಟು 180 ಡಿಗ್ರಿ ತಿರುಗುತ್ತದೆ. ತಿರುಗಿಸಲು ಮೊದಲು ಕಾಲಬುಡದ ಬ್ಯಾಗು ಎತ್ತಬೇಕು, ಮುಂದಿನ ಟ್ರೇ ಮಡಚಬೇಕು, ಹಿಂದಿನ ಸಾಲಿನವರು ಮೊಣಕಾಲು ಒಳಗೆಳೆದುಕೊಳ್ಳಬೇಕು. ಇಷ್ಟಾದ ಮೇಲೆ ನಾಲ್ವರು ಎದುರುಬದುರಾಗಿ ಕೂತು ಚಕ್ಕುಲಿ ಡಬ್ಬ ಬಿಚ್ಚಿ ಇಸ್ಪೀಟು ಹಂಚುತ್ತಾರೆ. ಕಣಿವೆ ತನ್ನ ಪಾಡಿಗೆ ಹಿಂದೆ ಸರಿಯುತ್ತಿರುತ್ತದೆ. ಬೋಗಿಯ ತುದಿಗೆ ದೊಡ್ಡ ಗಾಜಿನ ಕಿಟಕಿಯ ವೀಕ್ಷಣಾ ಲಾಂಜ್ ಇದೆ. ರೈಲಿನ ಕೊನೆಯ ಬೋಗಿ ಅದೇ ಆಗಿದ್ದರೆ ಹಿಂದೋಡುವ ಹಳಿ ಕಾಣುತ್ತದೆ. ಆದರೆ ಮಂಗಳೂರಿನ ಕಡೆಯಿಂದ ಬರುವಾಗ ಇದು 50 ಮೀಟರಿಗೆ 1 ಮೀಟರ್ ಏರುವ ದಾರಿ. ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಹಚ್ಚಿದರೆ ಆ ದೊಡ್ಡ ಕಿಟಕಿಯ ತುಂಬ ಎಂಜಿನ್ನಿನ ಮೂತಿ. ಪ್ರಕೃತಿಪ್ರಿಯರು ಅದರ ಜೊತೆಗೇ ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಇತ್ತ ಜನರಲ್ ಬೋಗಿಯ ಕಿಟಕಿ ತೆರೆಯುತ್ತದೆ. ಮಂಜು ಕಟ್ಟುವ ಪ್ರಶ್ನೆಯಿಲ್ಲ, ಒದ್ದೆ ಮಣ್ಣಿನ ವಾಸನೆ ಬರುತ್ತದೆ, ಝರಿಯ ನೀರು ಮುಖಕ್ಕೇ ಸಿಡಿಯುತ್ತದೆ. ಈ ಸೌಲಭ್ಯಗಳಿಗೆ ಇನ್ನೂ ದರ ನಿಗದಿಯಾಗಿಲ್ಲ. ಗಟ್ಟಿಯಾಗಿ ಹೇಳದಿರುವುದೇ ಕ್ಷೇಮ.

ವೈಭವ ಇದೂ ಸಾಲದು ಎನ್ನುವವರಿಗೆ 2008ರಲ್ಲಿ ಶುರುವಾದ ಗೋಲ್ಡನ್ ಚಾರಿಯಟ್ ಇದೆ. ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ಬೋಗಿಗೊಂದು ರಾಜವಂಶ, ಮದಿರಾ ಎಂಬ ಬಾರು, ಆರೋಗ್ಯ ಎಂಬ ಸ್ಪಾ. ನಿಂತುಹೋಗಿದ್ದದ್ದು 2024ರ ಡಿಸೆಂಬರಿನಲ್ಲಿ ಮತ್ತೆ ಹೊರಟಿತು. ಐದು ರಾತ್ರಿಗೆ ತಲೆಗೆ ಸುಮಾರು ನಾಲ್ಕು ಲಕ್ಷ. ಅದು ಬಹುಪಾಲು ಓಡುವುದು ರಾತ್ರಿ, ಅತಿಥಿಗಳು ಮಲಗಿದ ಮೇಲೆ. ಹಗಲು ಅದು ಯಾವುದೋ ಸ್ಟೇಷನ್ನಿನಲ್ಲಿ ನಿಂತಿರುತ್ತದೆ, ಅತಿಥಿಗಳು ಬೇಲೂರು, ಹಳೇಬೀಡು ನೋಡಲು ಬಸ್ಸು ಹತ್ತುತ್ತಾರೆ. ನಾಲ್ಕು ಲಕ್ಷದ ರೈಲು ಪ್ರವಾಸದಲ್ಲಿ ನಾಡು ಕಾಣುವುದು ಬಸ್ಸಿನ ಕಿಟಕಿಯಿಂದ.

ಘಾಟಿಯ ಟಿಕೆಟ್ಟು ಬೇಕಾದರೆ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಅಂದರೆ ಜುಲೈಯ ಮಳೆಯನ್ನು ಮೇ ತಿಂಗಳ ಬಿಸಿಲಲ್ಲಿ ಕೂತು ಕಾದಿರಿಸಬೇಕು. ಜುಲೈ ಬಂದಾಗ ಮಳೆಯೂ ಬರುತ್ತದೆ, ಅದರ ಹಿಂದೆ ಗುಡ್ಡವೂ ಬರುತ್ತದೆ. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣೇ ಜಾರಿ, ರೈಲುಗಳು ದಿನಗಟ್ಟಲೆ ನಿಂತವು. 2025ರ ಜೂನ್‌ನಿಂದ ವಿದ್ಯುದೀಕರಣದ ಕೆಲಸವೆಂದು ಹಗಲಿನ ರೈಲುಗಳನ್ನು ತಿಂಗಳುಗಟ್ಟಲೆ ರದ್ದು ಮಾಡಿ, ರಾತ್ರಿಯವನ್ನು ಓಡಿಸಿದರು. ದೃಶ್ಯಕ್ಕೇ ಹೆಸರಾದ ದಾರಿಯಲ್ಲಿ ಇಡೀ ಮಳೆಗಾಲ ಜನ ಮುಸುಕು ಹೊದ್ದು ಮಲಗಿ ಮಂಗಳೂರು ಸೇರಿದರು. ರೈಲೇ ರದ್ದಾದರೆ ಆನ್‌ಲೈನ್ ಟಿಕೆಟ್ಟಿನ ದುಡ್ಡು ತಾನಾಗಿ ಖಾತೆಗೆ ವಾಪಸು. ಕನ್ವೀನಿಯನ್ಸ್ ಫೀ ಮಾತ್ರ ಬರುವುದಿಲ್ಲ. ಅದನ್ನು ಗುಡ್ಡದ ಹತ್ತಿರ ಕೇಳಬೇಕು.