ಶುಗರ್ ಐತಾ ಸಾರ್?

ಚಿತ್ರದುರ್ಗದ ಸುತ್ತಮುತ್ತ ಹವ್ಯಾಸಕ್ಕೆಂದು ಸೈಕಲ್ ತುಳಿಯುವವನು ಗಾಳಿಗೂ ಪ್ರಶ್ನೆಗಳಿಗೂ ಸಿದ್ಧನಾಗಿಯೇ ಮನೆ ಬಿಡಬೇಕು. ಇವೆರಡರಲ್ಲಿ ಗಾಳಿಯನ್ನಾದರೂ ಮೊದಲೇ ಅಂದಾಜು ಮಾಡಬಹುದು. ಊರಿನ ಸುತ್ತಲ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳು ಗಾಳಿ ಬರುವ ದಿಕ್ಕಿಗೆ ತಾವಾಗಿಯೇ ಮುಖ ತಿರುಗಿಸಿಕೊಳ್ಳುವುದರಿಂದ, ತಾರಸಿಯ ಮೇಲೆ ನಿಂತು ಅವು ಯಾವ ಕಡೆ ನೋಡುತ್ತಿವೆ ಎಂದು ಗಮನಿಸಿದರೆ ಸಾಕು, ಆ ದಿನ ಯಾವ ರಸ್ತೆಯಲ್ಲಿ ಮರ್ಯಾದೆ ಉಳಿದೀತು ಎಂಬುದು ತಿಳಿಯುತ್ತದೆ. ಪ್ರಶ್ನೆಗಳ ದಿಕ್ಕು ತೋರಿಸುವ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಕೇಳುವವರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ತಲೆ ನರೆತ ಮನುಷ್ಯನೊಬ್ಬ ಬಿಗಿಯಾದ ಚಡ್ಡಿ ತೊಟ್ಟು, ಹೆಲ್ಮೆಟ್ ಕಟ್ಟಿಕೊಂಡು, ಕ್ಯಾರಿಯರ್ ಕೂಡ ಇಲ್ಲದ ಸೈಕಲ್ಲಿನ ಮೇಲೆ, ತರುವ ಸಾಮಾನಾಗಲಿ ಕೊಡುವ ಸಾಮಾನಾಗಲಿ ಇಲ್ಲದೆ ಬೆಳಗ್ಗೆ ಬೆಳಗ್ಗೆಯೇ ಊರೊಳಗೆ ಬಂದರೆ, ಅದಕ್ಕೊಂದು ತಕ್ಕ ಕಾರಣ ಇರಲೇಬೇಕೆಂದು ಹಳ್ಳಿಯ ಜನ ಭಾವಿಸುವುದು ಸಹಜವೇ. ‘ಬೈಕ್ ಕೆಟ್ಟೈತಾ ಸಾರ್?’ ಎಂಬುದು ಮೊದಲ ಹಂತ. ‘ಎಷ್ಟು ಕೊಟ್ರಿ ಇದಕ್ಕೆ?’ ಎಂಬುದು ಎರಡನೆಯದು. ನಿಜವಾದ ಬೆಲೆಯ ಮೂರನೇ ಒಂದು ಭಾಗವನ್ನಷ್ಟೇ ಹೇಳುವುದು ನನ್ನ ಪದ್ಧತಿ. ಆದರೂ, ‘ಇನ್ನೊಂದೀಟು ಹಾಕಿದ್ರೆ ಹಳೇ ಎಕ್ಸೆಲ್ಲೇ ಬರ್ತಿತ್ತಲ್ಲ ಸಾರ್’ ಎಂಬ ಸಂತಾಪದಿಂದ ನಾನು ತಪ್ಪಿಸಿಕೊಂಡದ್ದಿಲ್ಲ.

ಚಳ್ಳಕೆರೆ ರಸ್ತೆಯಿಂದ ಕವಲೊಡೆಯುವ ಹಳ್ಳಿದಾರಿಗಳಲ್ಲಿ ಕುರಿಮಂದೆ ಎದುರಾಗುವುದು ನನಗೆ ಬಹಳ ಇಷ್ಟವಾದ ಅಡ್ಡಿ. ಬೆಲ್ ಬಾರಿಸಿ ಪ್ರಯೋಜನವಿಲ್ಲ, ಕಾಲೂರಿ ನಿಂತುಬಿಡಬೇಕು. ಮಾಗಿಯ ಚಳಿಗೆ ಬೆರಳುಗಳು ಬ್ರೇಕ್ ಹಿಡಿಯಲಾರದಷ್ಟು ಮರಗಟ್ಟಿರುವಾಗ, ಇಡೀ ಮಂದೆ ನನ್ನನ್ನೊಂದು ಕಲ್ಲಿಗಿಂತ ಹೆಚ್ಚೆಂದು ಪರಿಗಣಿಸದೆ ಎರಡು ಪಾಲಾಗಿ ಮೊಣಕಾಲುಗಳನ್ನು ಒರಸಿಕೊಂಡು ಹೋಗುತ್ತದೆ. ಆಗ ಕಾಲಿಗೆ ತಗಲುವ ಉಣ್ಣೆಯ ಬಿಸುಪು ಅಂಗಡಿಯಲ್ಲಿ ಕೊಂಡ ಯಾವ ಕಾಲುಚೀಲದಲ್ಲೂ ಇಲ್ಲ. ಹಿಂದಿನಿಂದ ಬಂದ ಮೇಕೆಯೊಂದು ಹ್ಯಾಂಡಲಿಗೆ ಸುತ್ತಿದ್ದ ಹೊಸ ಪಟ್ಟಿಯ ತುದಿ ತುಸು ಬಿಚ್ಚಿರುವುದನ್ನು ಗುರುತಿಸಿ, ನನ್ನ ಮುಖವನ್ನೇ ನೋಡುತ್ತ ಗೇಣುದ್ದ ಅಗಿದು ನುಂಗಿದ್ದೂ ಅಂಥದ್ದೇ ಒಂದು ಮುಂಜಾನೆ. ಅದನ್ನು ಬಿಡಿಸಲು ಬಂದ ಕುರಿಗಾಹಿ ಸೈಕಲ್ಲನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ನೋಡಿ ದನಿ ತಗ್ಗಿಸಿ, ‘ಶುಗರ್ ಐತಾ ಸಾರ್?’ ಎಂದು ಕೇಳಿದ. ಇಲ್ಲವೆಂದೆ. ಎಲ್ಲರೂ ಹೀಗೇ ಮುಚ್ಚಿಡುತ್ತಾರೆ ಎಂಬಂತೆ ತಲೆದೂಗಿದ. ಖುಷಿಗಾಗಿ ತುಳಿಯುತ್ತೇನೆ ಎಂಬ ಉತ್ತರ ಅವನಿಗೆ ಒಪ್ಪಿಗೆಯಾಗುವಂತೆ ಕಾಣಲಿಲ್ಲವಾಗಿ, ಚಳಿಯಲ್ಲಿ ವಾದ ಬೆಳೆಸುವ ಬದಲು ಸ್ವಲ್ಪ ಇದೆ ಎಂದು ಒಪ್ಪಿಕೊಂಡೆ. ಅವನ ಮುಖ ಅರಳಿತು. ‘ನಮ್ ಮಾವಂಗೂ ಐತೆ. ಅನ್ನ ಬಿಡ್ರಿ, ಮುದ್ದೆ ಮಾತ್ರ ಬಿಡಬ್ಯಾಡ್ರಿ’ ಎಂದು ಹರಸಿ ಕಳಿಸಿದ. ಮುಂದಿನ ವಾರ ಅದೇ ಊರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮುಗಿಸಿ ಟೀ ಹೇಳಿದರೆ, ಕೇಳದೆಯೇ ಸಕ್ಕರೆ ಇಲ್ಲದ ಟೀ ಬಂತು.

ಆಷಾಢದಲ್ಲಿ ಲೆಕ್ಕವೇ ಬೇರೆ. ಪಶ್ಚಿಮ ಘಟ್ಟದ ಮೇಲೆ ಮಳೆ ಸುರಿಸಿ ಹಗುರಾದ ಮೋಡಗಳು ನಮ್ಮ ಮಳೆನೆರಳಿನ ನಾಡಿಗೆ ಬರುವಾಗ ನೀರನ್ನು ಮರೆತು ಗಾಳಿಯನ್ನಷ್ಟೇ ತರುತ್ತವೆ. ಊರಿನಿಂದ ಪೂರ್ವಕ್ಕೆ ಹೊರಟರೆ ಆ ಗಾಳಿ ಬೆನ್ನಿಗಿರುತ್ತದೆ, ಗೇರು ಏರಿಸುತ್ತ ಹೋದಂತೆ ನಮ್ಮ ತೊಡೆಗಳ ಬಗ್ಗೆ ನಮಗೇ ಗೌರವ ಹುಟ್ಟುತ್ತದೆ. ಗಾಳಿಯ ವೇಗವೂ ಸೈಕಲ್ಲಿನ ವೇಗವೂ ಸರಿಸಮವಾದ ಗಳಿಗೆಯಲ್ಲಿ ಕಿವಿಯ ಬಳಿಯ ಭೋರೆಂಬ ಸದ್ದು ಒಮ್ಮೆಲೇ ನಿಂತುಹೋಗುತ್ತದೆ. ಚೈನಿನ ಟಿಕಟಿಕ, ಯಾವುದೋ ಹೊಲದಲ್ಲಿ ಎತ್ತಿಗೆ ಬೈಯುವ ದನಿ, ದೂರದ ಬೋರ್‌ವೆಲ್ಲಿನ ನೀರು ತೊಟ್ಟಿಗೆ ಬೀಳುವುದು, ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತವೆ. ನನ್ನ ಮಟ್ಟಿಗೆ ಸೈಕಲ್ ಕೊಡುವ ಸುಖಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಗಾಳಿಯಾಡದ ಕಾರಣ ಬೆವರು ಆರುವುದಿಲ್ಲವೆಂಬುದೂ, ಹಿಂದಿನ ಊರಿನ ತಿಪ್ಪೆಯ ಬಳಿ ಜೊತೆಯಾದ ನೊಣಗಳು ಸ್ವಲ್ಪವೂ ಆಯಾಸಪಡದೆ ಮುಂದಿನ ಊರಿನವರೆಗೆ ಬರುತ್ತವೆ ಎಂಬುದೂ ಸುಳ್ಳಲ್ಲ.

ಸುಗ್ಗಿ ಬಂತೆಂದರೆ ಡಾಂಬರು ರಸ್ತೆಗಳೇ ಕಣಗಳಾಗುತ್ತವೆ. ರಾಗಿ, ಹುರುಳಿಗಳನ್ನು ರಸ್ತೆಯ ಉದ್ದಕ್ಕೂ ಹರವಿ, ಬಂದುಹೋಗುವ ವಾಹನಗಳ ಗಾಲಿಯಿಂದಲೇ ಒಕ್ಕಣೆ ಮುಗಿಸಿಕೊಳ್ಳುವ ಈ ಪದ್ಧತಿಯನ್ನು, ಅಪಘಾತವಾಗುತ್ತದೆಂದು ಅಧಿಕಾರಿಗಳು ಬೇಡವೆನ್ನುತ್ತಲೇ ಇರುತ್ತಾರೆ, ಜನ ಹರವುತ್ತಲೇ ಇರುತ್ತಾರೆ. ಲಾರಿ ಹಾದರೆ ಕಾಳು ಉದುರುತ್ತದೆ, ಸೈಕಲ್ ಹಾದರೆ ಸೈಕಲ್ಲೇ ನಿಲ್ಲುತ್ತದೆ. ರಾಗಿ ಹುಲ್ಲು ಜಾರಿಸಿದರೂ ಕೊನೆಗೆ ಬಿಟ್ಟುಕೊಡುತ್ತದೆ. ಹುರುಳಿ ಬಳ್ಳಿಗೆ ಅಂಥ ಔದಾರ್ಯವಿಲ್ಲ. ಅದು ಹಿಂದಿನ ಗಾಲಿಯ ನಡುವಿಗೆ ಸುತ್ತಿ, ಅಲ್ಲಿಂದ ಗೇರಿನ ಹಲ್ಲುಗಳ ಸಂದಿಗೆ ಇಳಿದು, ಚೈನು ಬಿಗಿಯುವ ಪುಟ್ಟ ಚಕ್ರಗಳನ್ನೂ ಬಿಡದೆ ಹೆಣೆದುಕೊಂಡು, ಪೆಡಲ್ ಮುಂದಕ್ಕೂ ಹಿಂದಕ್ಕೂ ಹೋಗದಂತೆ ಮಾಡಿತು. ನಾನು ಕಿತ್ತೆಳೆಯಲು ಬಾಗಿದಾಗ, ರಸ್ತೆಯ ಅಂಚಿನಲ್ಲಿ ಕಾಳು ಕೇರುತ್ತಿದ್ದ ಅಜ್ಜಿ ಮೊರ ಹಿಡಿದುಕೊಂಡೇ ಬಂದರು. ‘ಹರಿಬ್ಯಾಡ ತಡಿಯಪ್ಪ’ ಎಂದು ಸೈಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಒಂದೊಂದೇ ಎಳೆಯನ್ನು ಸುತ್ತು ಬಿಡಿಸಿ ಮೊರಕ್ಕೆ ಹಾಕಿದರು. ಒಣಕಾಯಿಗಳನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಗ್ರೀಸಿನಿಂದ ಕಪ್ಪಾದ ಕಾಳನ್ನು ಸೆರಗಿನಿಂದ ಒರಸಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ನನಗಾದ ತೊಂದರೆಗೆ ಮರುಗುತ್ತಾರೆಂದುಕೊಂಡೆ. ‘ಚೊಲೋ ಉದುರೈತೆ. ಇನ್ನೊಂದು ಸಲ ಹಿಂಗೇ ಹಾದು ಬಾರಪ್ಪ’ ಎಂದರು.

ಬಳ್ಳಾರಿ ಜಾಲಿಯ ಮುಳ್ಳಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಅದು ಎಲ್ಲರ ಟೈರುಗಳನ್ನೂ ಸಮಾನವಾಗಿ ಕಾಣುತ್ತದೆ. ನನ್ನ ಸೈಕಲ್ಲಿನ ವಾಲ್ವ್ ಕಡ್ಡಿಯಷ್ಟು ಸಪೂರವಾದದ್ದರಿಂದ ಪಂಕ್ಚರ್ ಅಂಗಡಿಯ ಪಂಪು ಅದಕ್ಕೆ ಕೂಡುವುದಿಲ್ಲ. ಒಂದೂರಿನ ಹುಡುಗ ಅದರ ಪ್ಲಾಸ್ಟಿಕ್ ಮುಚ್ಚಳದ ತುದಿಯನ್ನು ಬ್ಲೇಡಿನಿಂದ ಕೊಯ್ದು, ಬುಡಮೇಲಾಗಿ ತಿರುಪಿ, ಬೈಕಿಗೆ ಗಾಳಿ ಹಾಕುವ ಮೂತಿಯನ್ನೇ ಅದಕ್ಕೆ ಒತ್ತಿ ಗಾಳಿ ತುಂಬಿಬಿಟ್ಟ. ಪೇಟೆಯಲ್ಲಿ ಇದೇ ಕೆಲಸಕ್ಕೆ ನಾನು ಹಿತ್ತಾಳೆಯ ಅಡಾಪ್ಟರನ್ನು ಕೊಂಡಿದ್ದೇನೆಂದು ಅವನಿಗೆ ಹೇಳಲಿಲ್ಲ.

ಪೂರ್ವಕ್ಕೆ ಹೋದವನು ಪಶ್ಚಿಮಕ್ಕೆ ಮರಳಲೇಬೇಕು. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆಂಬ ನಿಯಮವನ್ನು ನೆಚ್ಚಿಕೊಂಡೇ ಗುಡ್ಡದ ಮೇಲೆ ಯಂತ್ರಗಳನ್ನು ನೆಟ್ಟಿರುವುದು. ರಸ್ತೆಯಲ್ಲಿ ಆ ನಿಯಮದ ಖರ್ಚೆಲ್ಲ ನನ್ನ ಮೊಣಕಾಲಿನ ಲೆಕ್ಕಕ್ಕೆ ಬೀಳುತ್ತದೆ. ಏಳು ಸುತ್ತಿನ ಕೋಟೆಯ ಬೆಟ್ಟ ಕಣ್ಣೆದುರೇ ಇದ್ದರೂ ಹತ್ತಿರವಾಗುವುದಿಲ್ಲ, ಗಾಳಿಯಂತ್ರಗಳಂತೂ ಪಶ್ಚಿಮಕ್ಕೆ ಮುಖಮಾಡಿ ನನಗೆ ಬೆನ್ನು ತೋರಿಸಿಯೇ ನಿಂತಿರುತ್ತವೆ. ಹೀಗಿರುವಾಗ ಒಂದು ಮಧ್ಯಾಹ್ನ, ಮೆಕ್ಕೆಜೋಳದ ಸಪ್ಪೆಯನ್ನು ಮನೆಯೆತ್ತರ ಹೇರಿಕೊಂಡ ಟ್ರ್ಯಾಕ್ಟರ್ ನನ್ನನ್ನು ದಾಟಿತು. ತಕ್ಷಣ ಅದರ ಬೆನ್ನಿಗೆ ಬಿದ್ದೆ. ಟ್ರೇಲರಿನ ಮರೆಯಲ್ಲಿ ಗಾಳಿಯೇ ಇಲ್ಲ. ಬಾಯಿಗೆ ಸಪ್ಪೆಯ ಧೂಳು ಬೀಳುತ್ತಿತ್ತು, ಕಿವಿಯಲ್ಲಿ ಹಾಡಿನ ಅಬ್ಬರವಿತ್ತು, ಆದರೆ ಕಾಲುಗಳು ತಾವಾಗಿಯೇ ಸುತ್ತುತ್ತಿದ್ದವು. ಟ್ರ್ಯಾಕ್ಟರ್ ರಸ್ತೆ ಬಿಟ್ಟು ಬಂಡಿದಾರಿಗೆ ಇಳಿದಾಗ ಅದನ್ನು ತೊರೆದು ಮತ್ತೆ ಗಾಳಿಗೆ ಮುಖ ಕೊಡಲು ಮನಸ್ಸಾಗದೆ, ನಾನೂ ಹಿಂದೆಯೇ ಇಳಿದು ಒಂದು ತೋಟದ ಮನೆಯ ಅಂಗಳದಲ್ಲಿ ನಿಂತೆ.

ಚಾಲಕ ಇಳಿದು ನನ್ನನ್ನು ಕಂಡು ಏನೂ ಕೇಳಲಿಲ್ಲ. ಸಪ್ಪೆಯ ಯಜಮಾನ ಕಳಿಸಿದ ಆಳೆಂದು ತಿಳಿದನೋ ಏನೋ, ‘ಆ ಕಡೆ ಹಿಡ್ಕಳ್ರಿ’ ಎಂದ. ಟ್ರೇಲರ್ ಖಾಲಿಯಾಗುವವರೆಗೆ ಹಿಡಿದೆ. ಮನೆಯವರು ಕೊಟ್ಟ ಮಜ್ಜಿಗೆಯಲ್ಲಿ ಉಪ್ಪು, ಮೆಣಸಿನಕಾಯಿ, ಕೊತ್ತಂಬರಿ ಎಲ್ಲವೂ ಹದವಾಗಿತ್ತು. ಖಾಲಿ ಟ್ರೇಲರ್ ಗಾಳಿಯನ್ನು ಮರೆಮಾಡುವುದಿಲ್ಲವೆಂಬುದು ಹೊಳೆದದ್ದರಿಂದ ಸೈಕಲ್ ಸಮೇತ ಅದರೊಳಗೇ ಕುಳಿತು, ಊರಿನ ಹೊರಗಿನ ಪೆಟ್ರೋಲ್ ಬಂಕಿನ ಬಳಿ ಇಳಿದುಕೊಂಡೆ. ಜೇಬಿನಲ್ಲಿದ್ದ ಮೊಬೈಲಿನ ಆ್ಯಪ್, ಎದುರುಗಾಳಿಯಲ್ಲಿ ಇದುವರೆಗಿನ ನನ್ನ ಅತ್ಯುತ್ತಮ ವೇಗ ಇದೇ ಎಂದು ಸಾರಿ ಪದಕವೊಂದನ್ನು ಕೊಟ್ಟಿತು. ಅದನ್ನು ನಾನಿನ್ನೂ ಅಳಿಸಿಲ್ಲ.