ಮೀನು ಹೊರದ ಪಿಕಪ್ ಬೇಕಾಗಿದೆ

ಹಳೆ ಪಿಕಪ್ ತೆಗೆದುಕೊಳ್ಳುವುದಕ್ಕೆ ಅಮ್ಮನ ವಿರೋಧ ಏನೂ ಇರಲಿಲ್ಲ. ಒಂದೇ ಒಂದು ಕರಾರು. ಅದರಲ್ಲಿ ಯಾರೂ ಯಾವತ್ತೂ ಮೀನು ಹೇರಿರಬಾರದು.

ಕಾಸರಗೋಡಿನವರಿಗೆ ಈ ಕರಾರಿನ ಕಷ್ಟ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಂಜೇಶ್ವರದಿಂದ ಚೆರುವತ್ತೂರಿನವರೆಗೆ ಉದ್ದಕ್ಕೂ ಸಮುದ್ರ. ನಸುಕಿಗೆ ದಡ ಸೇರಿದ ಬಂಗುಡೆ, ನಮ್ಮ ಪೆರ್ಲದಲ್ಲಿ ಹೋಟೆಲಿನವರು ಎರಡನೇ ಸಲ ಚಹಾಕ್ಕೆ ನೀರಿಡುವ ಹೊತ್ತಿಗೆ ಪೇಟೆಯಲ್ಲಿರುತ್ತದೆ. ಅದೇನು ನಡೆದುಕೊಂಡು ಬರುತ್ತದಾ? ಇಲ್ಲಿ ಮಾರಾಟಕ್ಕಿರುವ ಹಳೆ ಪಿಕಪ್ಪಿನ ಪೈಕಿ ಜನ್ಮದಲ್ಲಿ ಒಮ್ಮೆಯೂ ಬೂತಾಯಿ ಮೀನು ಹೊರದ್ದನ್ನು ಹುಡುಕುವುದೆಂದರೆ ಸಾವಿಲ್ಲದ ಮನೆಯ ಸಾಸಿವೆ ತಂದ ಹಾಗೆ.

ನನಗೆ ಬೇಕಾಗಿದ್ದದ್ದು ಅಡಿಕೆ, ತೆಂಗಿನಕಾಯಿ, ಸೊಪ್ಪು, ಗೊಬ್ಬರ ಸಾಗಿಸಲಿಕ್ಕೆ. ಕೋಳಿಗೊಬ್ಬರ ತಂದರೆ ಅಮ್ಮನ ಅಭ್ಯಂತರ ಇಲ್ಲ. ಕೋಳಿಗೆ ರಿಯಾಯಿತಿ, ಮೀನಿಗೆ ಯಾಕಿಲ್ಲ ಅಂತ ಕೇಳಲು ಹೋಗಬಾರದು, ಮಧ್ಯಾಹ್ನದ ಊಟಕ್ಕೆ ತೊಂದರೆ ಆಗುತ್ತದೆ.

ಇದನ್ನು ನಮ್ಮ ಮೆಕ್ಯಾನಿಕ್‌ಗೆ ಹೇಳಿದೆ. ದಿನಕ್ಕೆರಡು ಹೊತ್ತು ಮೀನು ತಿನ್ನುವ ಮನುಷ್ಯ, ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. "ಅಮ್ಮ ಹೇಳಿದ್ದು ಸರಿ. ಮೀನಿನ ಗಾಡಿ ಮಾತ್ರ ಬೇಡ" ಅಂದ. ಮಂಜುಗಡ್ಡೆ ಕರಗಿದ ಉಪ್ಪುನೀರು ಬಾಡಿಯ ಸಂದಿಯಿಂದ ಇಳಿದು ಚಾಸಿಯ, ಅಂದರೆ ಗಾಡಿಯನ್ನು ಹೊತ್ತ ಅಡಿಯ ಚೌಕಟ್ಟಿನ, ಒಳಗೆ ಕೂರುತ್ತದೆ, ಹೊರಗಿನಿಂದ ಬಣ್ಣ ಹೊಳೆಯುತ್ತಿರುತ್ತದೆ, ಒಳಗಿಂದೊಳಗೆ ತುಕ್ಕು ತಿನ್ನುತ್ತಿರುತ್ತದೆ. ಎಂಜಿನ್ ಹೋದರೆ ಬಿಚ್ಚಿ ಕಟ್ಟಬಹುದು, ಚಾಸಿ ಹೋದರೆ ಗುಜರಿಯವನಿಗೇ ಫೋನ್ ಮಾಡಬೇಕು. ಅಂತೂ ಅಮ್ಮನ ಮಡಿಯೂ ಮೆಕ್ಯಾನಿಕ್‌ನ ಲೆಕ್ಕವೂ ಒಂದೇ ಕಡೆ ಬಂದು ನಿಂತವು. ನಮ್ಮ ಮನೆಯ ಇತಿಹಾಸದಲ್ಲಿ ಇದು ಮೊದಲು.

ಮತ್ತೆ ಶುರುವಾಯಿತು ಮೊಬೈಲಿನಲ್ಲಿ ಹುಡುಕಾಟ. ರಾತ್ರಿ ಊಟ ಆದ ಮೇಲೆ ಚಾವಡಿಯಲ್ಲಿ ಕೂತು ನಾನೂ ಭಾವನೂ ಜಾಹೀರಾತು ನೋಡುವುದು. ಹೆಚ್ಚಿನವು ಮಲಯಾಳದಲ್ಲಿ, ಕೆಲವು ಕನ್ನಡದಲ್ಲಿ, ಎಲ್ಲದರಲ್ಲೂ ಒಂದೇ ವರ್ಣನೆ. ಸಿಂಗಲ್ ಓನರ್, ಟಯರ್ 90 ಪರ್ಸೆಂಟ್, ಪೇಪರ್ ಕ್ಲಿಯರ್, ಮಾಲೀಕರು ಗಲ್ಫಿಗೆ ಹೋಗುವುದರಿಂದ ಅರ್ಜೆಂಟ್ ಸೇಲ್. ಗಾಡಿ ಮಾರಿದವರೆಲ್ಲ ನಿಜವಾಗಿ ಗಲ್ಫಿಗೆ ಹೋಗಿದ್ದರೆ ಉಪ್ಪಳ ಪೇಟೆಯಲ್ಲಿ ಇಷ್ಟು ಹೊತ್ತಿಗೆ ಅಂಗಡಿ ತೆರೆಯಲು ಜನ ಇರುತ್ತಿರಲಿಲ್ಲ.

ಫೋಟೋಗಳದ್ದು ಬೇರೆಯೇ ಶಾಸ್ತ್ರ. ಆಗಷ್ಟೇ ನೀರು ಹೊಯ್ದು ತೊಳೆದು, ಒದ್ದೆ ಇರುವಾಗಲೇ ತೆಗೆದಿರುತ್ತಾರೆ. ಒದ್ದೆ ಗಾಡಿಗೆ ಗೀರು ಕಾಣಿಸುವುದಿಲ್ಲ. ನಂಬರ್ ಪ್ಲೇಟಿನ ಮೇಲೆ ಯಾರದ್ದೋ ಹೆಬ್ಬೆರಳು. ಮುಖದ್ದು ನಾಲ್ಕು ಫೋಟೋ, ಸೀಟಿನದ್ದು ಎರಡು, ಡ್ಯಾಶ್‌ಬೋರ್ಡಿನ ಮೇಲಿನ ದೇವರದ್ದು ಒಂದು. ಸಾಮಾನು ಹೇರುವ ಹಿಂದಿನ ಡೆಕ್ಕಿನದ್ದು? ಒಂದೂ ಇಲ್ಲ. ಪಿಕಪ್ ಮಾರುವವನು ಡೆಕ್ಕನ್ನು ಬಿಟ್ಟು ಉಳಿದದ್ದೆಲ್ಲ ತೋರಿಸುತ್ತಿದ್ದಾನೆಂದರೆ ಅಲ್ಲಿ ಮೀನು ಇದ್ದೇ ಇದೆ ಅಂತ ಭಾವನ ತೀರ್ಪು.

ಒಂದು ಮಾತ್ರ ಡೆಕ್ ಸಮೇತ ಫಳಫಳ ಹೊಳೆಯುತ್ತಿತ್ತು, ಬೆಲೆಯೂ ಅರ್ಧಕ್ಕರ್ಧ ಕಡಿಮೆ. ಮಾರುವವರು ಮಿಲಿಟರಿಯವರಂತೆ, ದೂರಕ್ಕೆ ವರ್ಗವಂತೆ, ಗಾಡಿ ಮಂಗಳೂರಿನಲ್ಲೇ ಇದೆಯಂತೆ, ಗೇಟ್ ಪಾಸಿಗೆ ಸ್ವಲ್ಪ ಮುಂಗಡ ಹಾಕಿದರೆ ಮನೆಗೇ ಬಂದು ಬೀಳುತ್ತದಂತೆ. ಭಾವ ಫೋಟೋವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿದ. ಹಿಂದೆ ಒಂಟೆ ನಿಂತಿತ್ತು.

ಕಣ್ಣಾರೆ ನೋಡಲು ಮೊದಲು ಹೋದದ್ದು ಉಪ್ಪಳದ ಹತ್ತಿರ. "ತರಕಾರಿ ಮಾತ್ರ ಹೇರಿದ್ದು, ಅದೂ ಮೈಸೂರಿನಿಂದ" ಅಂದರು ಮಾರುವವರು. ಅಷ್ಟರಲ್ಲಿ ಗಾಡಿಯ ಅಡಿಯಿಂದ ಒಂದು ಬೆಕ್ಕು ಮೈ ಮುರಿಯುತ್ತಾ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಡೆಕ್ಕಿನ ಬಾಗಿಲು ತೆರೆದರೆ ಮೂರನೆಯದು ಮೂಲೆಯಲ್ಲಿ ಸ್ವಂತ ಮನೆಯ ಗತ್ತಿನಲ್ಲಿ ಮಲಗಿತ್ತು, ನಾವು ಬಂದದ್ದಕ್ಕೆ ಎದ್ದು ಕೂರುವ ಸೌಜನ್ಯವನ್ನೂ ತೋರಿಸಲಿಲ್ಲ. ಯಾವ ಬೆಕ್ಕು ಬೀನ್ಸಿನ ಆಸೆಗೆ ಹೀಗೆ ಕಾಯುತ್ತದೆ ಹೇಳಿ.

ಮಾತು ಮಲಯಾಳದಲ್ಲಿ ಶುರುವಾಗಿ, ಬೆಲೆಯ ವಿಷಯಕ್ಕೆ ತುಳುವಿಗೆ ಬಂತು. ಕೊನೆಗೆ ಅವರು ತಮ್ಮನಿಗೆ ಫೋನ್ ಹಚ್ಚಿ ನಮ್ಮೆದುರೇ ಬ್ಯಾರಿ ಭಾಷೆಯಲ್ಲಿ, ಪಾರ್ಟಿ ಸಿಕ್ಕಿದೆ, ಗೇರ್‌ಬಾಕ್ಸಿನ ಸುದ್ದಿ ಎತ್ತಬೇಡ ಅಂದರು. ಭಾವ ಬ್ಯಾರಿಗಳ ಜೊತೆ ಅಡಿಕೆ ವ್ಯಾಪಾರ ಮಾಡಿ ಬೆಳೆದವ. ಅದೇ ಭಾಷೆಯಲ್ಲಿ ನಿಧಾನವಾಗಿ, "ಹಾಗಾದರೆ ಗೇರ್‌ಬಾಕ್ಸ್ ಒಮ್ಮೆ ನೋಡುವ" ಅಂದ. ಸಪ್ತ ಭಾಷೆಯ ನಾಡಿನಲ್ಲಿ ಗುಟ್ಟು ಹೇಳಬೇಕಾದರೆ ಎಂಟನೆಯದೊಂದನ್ನು ಕಲಿತಿರಬೇಕು. ಎಲ್ಲರೂ ನಕ್ಕೆವು, ಅವರೂ ನಕ್ಕರು, ಒಳ್ಳೆಯ ಸುಲೈಮಾನಿ ಚಹಾ ಕೊಟ್ಟರು. ಗಾಡಿ ಬೇಡ ಅಂತ ಹೇಳಿ ಕುಡಿದು ಬಂದೆವು.

ಕುಂಬಳೆಯದ್ದು 90 ಪರ್ಸೆಂಟ್ ಟಯರಿನ ಗಾಡಿ. ಟಯರಿನ ಮಗ್ಗುಲಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಇದರಲ್ಲಿ 2314. ಅಂದರೆ 2014ರ ಇಪ್ಪತ್ಮೂರನೇ ವಾರ ಹುಟ್ಟಿದ ರಬ್ಬರು. ಸವೆಯದೆ ಇದ್ದದ್ದು ನಿಜ, ಆದರೆ ಒಣಗಿ ಬಿರುಕು ಬಿಟ್ಟಿತ್ತು. ಮೀಟರ್ 48,000 ಕಿಲೋಮೀಟರ್ ತೋರಿಸುತ್ತಿತ್ತು, ಕ್ಲಚ್ ಪೆಡಲಿನ ರಬ್ಬರ್ ಮಾತ್ರ ಗೆರೆಯೆಲ್ಲ ಅಳಿಸಿ ನುಣ್ಣಗಾಗಿ ಬೇರೆಯೇ ಲೆಕ್ಕ ಹೇಳುತ್ತಿತ್ತು. ಚಾಸಿಗೆ ಹೊಸ ಕಪ್ಪು ಬಣ್ಣ. ಮೆಕ್ಯಾನಿಕ್ ಕೆಳಗೆ ನುಗ್ಗಿ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದ. ಅದು ಒಳಗೆ ಹೋಯಿತು. ಸುಮ್ನೆ ಹೊರಗೆ ತೆಗೆದು, ಒರೆಸಿ, ಜೇಬಿಗೆ ಹಾಕಿ, ಬೈಕ್ ಸ್ಟಾರ್ಟ್ ಮಾಡಿದ. ನಾವೂ ಹಿಂದೆ ಹೊರಟೆವು.

ವಿಟ್ಲದ ಕಡೆ ಒಂದಿತ್ತು. ಘಟ್ಟದಿಂದ ಬೈಹುಲ್ಲು ಮಾತ್ರ ತರುತ್ತಿದ್ದ ಗಾಡಿ, ಮೀನಿನ ಸುಳಿವೇ ಇಲ್ಲ, ಬೆಲೆಯೂ ಸಲೀಸು. ಆದರೆ ಕರ್ನಾಟಕದ ಕೆಎ ನಂಬರು. ನಮ್ಮ ಮನೆ ಇರುವುದು ಗಡಿಯ ಅಡ್ಕಸ್ಥಳದಿಂದ ಈಚೆ, ಕೇರಳ. ಆ ಗಾಡಿ ನಮ್ಮಲ್ಲಿಗೆ ಕಾಯಂ ಬರಬೇಕಾದರೆ ಅಲ್ಲಿ ಫಾರ್ಮ್ 28 ಕೊಟ್ಟು ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲವೆಂಬ ಪತ್ರ, ತೆಗೆಯಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಹೊಸ ನಂಬರಿಗೆ ಫಾರ್ಮ್ 27, ಹೆಸರು ಬದಲಿಸಲು 29 ಮತ್ತು 30, ಸಾಲ ಇದ್ದರೆ ತೀರಿದ್ದಕ್ಕೆ 35. ಆರ್‌ಸಿ ನೋಡಿದರೆ ಸಾಲವೂ ಇತ್ತು. ಮಾರುವವರಿಗೆ ಕೊನೆಯ ಕಂತು ಕಟ್ಟಿದ್ದು ಗಟ್ಟಿ ನೆನಪಿದೆ, ಬ್ಯಾಂಕಿನ ಕಾಗದ ಎಲ್ಲಿಟ್ಟಿದ್ದೆಂದು ನೆನಪಿಲ್ಲ. ನಿಮ್ಮ ಮನೆಗೆ ಮೂರು ತಲೆಮಾರಿನ ಸೊಸೆಯಂದಿರು ಆ ಕಡೆಯಿಂದಲೇ ಬಂದದ್ದು, ಒಬ್ಬರಿಗೂ ಎನ್‌ಒಸಿ ಕೇಳಿದವರಿಲ್ಲ ಅಂತ ಭಾವ ಗೊಣಗಿದ. ಅವನ ಹೆಂಡತಿ ಅಂದರೆ ನನ್ನ ಅಕ್ಕ, ಅವಳು ಈಚೆಯಿಂದ ಆಚೆಗೆ ಹೋದವಳು. ಆ ಲೆಕ್ಕ ನಾನು ತೆಗೆಯಲಿಲ್ಲ.

ಕಡೆಗೆ ಸಿಕ್ಕಿದ್ದು ಮೂಡಣದ ಗುಡ್ಡದ ಮೇಲೆ, ರಾಜಪುರಂ ಕಡೆಯಲ್ಲಿ. ಸಮುದ್ರದಿಂದ ಅಷ್ಟು ದೂರ ಹೋದರೆ ಮೀನಿನ ಕಾಟ ಕಡಿಮೆ ಅನ್ನುವುದು ನನ್ನ ತರ್ಕ. ಕೋಟ್ಟಯಂ ಕಡೆಯಿಂದ ಹಿಂದೆ ಬಂದು ನೆಲೆಸಿದ ಕುಟುಂಬ, ಮಾತಿನಲ್ಲಿ ನೇರ. ಕೇರಳದ್ದೇ ಕೆಎಲ್ 79 ನಂಬರು, ಎಂಪರಿವಾಹನ್ ಆ್ಯಪಿನಲ್ಲಿ ನೋಡಿದರೆ ಸಾಲ ಇಲ್ಲ, ಇನ್ಶೂರೆನ್ಸ್ ಇದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು, ಅದೂ ತಪ್ಪದೆ ಮಾಡಿಸಿದ್ದರು. ಮೆಕ್ಯಾನಿಕ್ ಚಾಸಿಗೆ ಸ್ಕ್ರೂಡ್ರೈವರ್ ಒತ್ತಿದ, ಒಳಗೆ ಹೋಗಲಿಲ್ಲ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆರೆದ, ಹೊಗೆ ಬರಲಿಲ್ಲ. "ಮೀನು?" ಅಂತ ಕೇಳಿದೆ. ಮನೆಯಾತ ಎದೆಯ ಮೇಲೆ ಕೈ ಇಟ್ಟುಕೊಂಡು ಇಲ್ಲ ಅಂದರು. ಗಾಡಿಯ ಹತ್ತಿರ ಒಂದೇ ಒಂದು ಬೆಕ್ಕಿರಲಿಲ್ಲ.

ಬೆಕ್ಕು ಯಾಕಿರಲಿಲ್ಲ ಅನ್ನುವುದು ಮುಳ್ಳೇರಿಯ ಹತ್ತಿರ ಮಳೆ ಹನಿಸಿದಾಗ ತಿಳಿಯಿತು. ಗಾಡಿ ವರ್ಷಗಟ್ಟಲೆ ಹೊತ್ತದ್ದು ರಬ್ಬರಿನ ಒಟ್ಟುಪಾಲು. ಮರದ ಚಿಪ್ಪಿನಲ್ಲಿ ಉಳಿದು ಒಣಗಿದ ಹಾಲನ್ನು ಕಿತ್ತು ಗೋಣಿಯಲ್ಲಿ ತುಂಬಿಡುತ್ತಾರಲ್ಲ, ಅದೇ. ಬಿಸಿಲಿನಲ್ಲಿ ಅಡಗಿ ಕೂತಿದ್ದ ವಾಸನೆ ನಾಲ್ಕು ಹನಿ ಬಿದ್ದದ್ದೇ ತಡ ಎದ್ದು ಬಂತು. ಭಾವ ಬದಿಯಡ್ಕದಲ್ಲಿ, ಸ್ವಲ್ಪ ಸಾಮಾನು ತೆಗೆದುಕೊಳ್ಳಲಿಕ್ಕುಂಟು, ನೀನು ಹೋಗಿರು ಮಾರಾಯ ಅಂತ ಇಳಿದವ ಬಸ್ಸಿನಲ್ಲಿ ಬಂದ. ಕೈಯಲ್ಲಿ ಸಾಮಾನು ಏನೂ ಇರಲಿಲ್ಲ.

ಅಂಗಳದಲ್ಲಿ ಅಮ್ಮ ಸೆರಗಿನಿಂದ ಮೂಗು ಮುಚ್ಚಿ ವಿಚಾರಣೆ ನಡೆಸಿದರು. ಮೀನಲ್ಲ, ರಬ್ಬರು ಅಂದೆ. ಸ್ವಲ್ಪ ಯೋಚಿಸಿ, "ಮರದ್ದೇ ಅಲ್ವಾ, ಅಡ್ಡಿ ಇಲ್ಲ" ಅಂದರು. ಶಾಸ್ತ್ರದ ಪ್ರಕಾರ ಗಾಡಿ ಶುದ್ಧ. ಪೂಜೆಗೆ ಬಂದ ಭಟ್ಟರಿಗೂ ಶಾಸ್ತ್ರದ ತಕರಾರೇನೂ ಇರಲಿಲ್ಲ, ಆದರೆ ಸಂಕಲ್ಪದಿಂದ ಮಂಗಳಾರತಿಯವರೆಗೆ ಅಷ್ಟು ಚುರುಕಾಗಿ ಹೋದದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಸೀಗೆಪುಡಿ, ಸುಣ್ಣ, ಫಿನಾಯಿಲ್ ಎಲ್ಲ ಹಾಕಿ ತಿಕ್ಕಿದ ಮೇಲೆ ಮೊದಲ ಸಲ ಅಡಿಕೆ ಹೇರಿಕೊಂಡು ಪೇಟೆಗೆ ಹೋದೆ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಇನ್ನೂ ಹಗ್ಗ ಬಿಚ್ಚಿರಲಿಲ್ಲ, ಒಳಗೆ ತಕ್ಕಡಿಯ ಹತ್ತಿರ ಕೂತವರು ತಲೆ ಎತ್ತದೆಯೇ ಹೇಳಿದರು: "ರಬ್ಬರು ಇಲ್ಲಿ ಅಲ್ಲ, ಆಚೆ ಅಂಗಡಿಯಲ್ಲಿ."